ಸ್ಕಾಟ್ಲೆಂಡ್ ರುಚಿ ನೋಡೋಕೆ ಹೊರಟಿರಾ? ಮೊದಲು ತಟ್ಟೆ, ಆಮೇಲೆ ಗ್ಲಾಸು

ಮೊದಲ ಸಲ ನಾನು ಎಲ್ಲವನ್ನೂ ತಲೆಕೆಳಗು ಮಾಡಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಒಂದು ಡಿಸ್ಟಿಲರಿಯಲ್ಲಿ ಐದು ವಿಸ್ಕಿಗಳ ಟೇಸ್ಟಿಂಗ್. ಹೊಟ್ಟೆಯಲ್ಲಿ ಇದ್ದದ್ದು ಒಂದು ಕಪ್ ಟೀ, ಎರಡು ಬಿಸ್ಕತ್ತು. ಮೂರನೇ ಗ್ಲಾಸಿನ ಹೊತ್ತಿಗೆ ಎಲ್ಲ ಒಂದೇ ರುಚಿ. ಗೈಡ್ ಹೇಳಿದ್ದರಲ್ಲಿ ಒಂದಕ್ಷರವೂ ನೆನಪಿಲ್ಲ. ದುಡ್ಡು ಕೊಟ್ಟು ತಲೆನೋವು ಕೊಂಡ ಹಾಗಾಯಿತು. ಎರಡನೇ ಸಲ ಊಟದಿಂದ ಶುರು ಮಾಡಿದೆ. ಆ ದಾರಿ ಇಲ್ಲಿದೆ.

ಮೊದಲ ದಿನ ನಡಿಗೆ

ಎಡಿನ್‌ಬರೊ ಅಥವಾ ಗ್ಲಾಸ್ಗೊದಲ್ಲಿ ಇಳಿದ ಮೊದಲ ದಿನವೇ ಒಂದು ಫುಡ್ ವಾಕ್ ಬುಕ್ ಮಾಡಿ. ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಗೈಡ್ ಆದವರು ಅದೇ ಊರಿನವರಾಗಿದ್ದರೆ ಉಳಿದ ದಿನಗಳಿಗೆ ಎಲ್ಲಿ ತಿನ್ನಬೇಕು, ಎಲ್ಲಿ ತಿನ್ನಬಾರದು ಅಂತ ಅವರಿಂದಲೇ ಗೊತ್ತಾಗುತ್ತದೆ. ಗುಂಪು ಚಿಕ್ಕದಿರಲಿ. ಇಪ್ಪತ್ತು ಜನರ ಹಿಂದೆ ಛತ್ರಿ ನೋಡಿಕೊಂಡು ನಡೆಯುವ ಟೂರ್‌ನಲ್ಲಿ ಪ್ರಶ್ನೆ ಕೇಳೋಕೆ ಆಗಲ್ಲ, ಅಲ್ವಾ?

ಹ್ಯಾಗಿಸ್ ಹೇಗೂ ಬರುತ್ತದೆ. ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶವನ್ನು ಸಣ್ಣಗೆ ಕೊಚ್ಚಿ, ಓಟ್ಸ್, ಈರುಳ್ಳಿ, ಕೊಬ್ಬು, ಮೆಣಸು ಸೇರಿಸಿ ಬೇಯಿಸಿದ್ದು. ಬೋಟಿ ಸಾರು ತಿಂದು ಬೆಳೆದವರಿಗೆ ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಸಸ್ಯಾಹಾರಿಗಳಿಗೂ ಹ್ಯಾಗಿಸ್ ಉಂಟು. ಎಡಿನ್‌ಬರೊದ ಮ್ಯಾಕ್‌ಸ್ವೀನ್ ಕಂಪನಿ 1984ರಲ್ಲೇ ಬೇಳೆಕಾಳು, ತರಕಾರಿ, ಓಟ್ಸ್ ಹಾಕಿ ಮಾಡಿತು. ಸುಮ್ನೆ ಹೇಳುತ್ತಿಲ್ಲ, ಮೆಣಸಿನ ಖಾರದಿಂದಾಗಿ ಅದು ನಮ್ಮ ನಾಲಿಗೆಗೆ ಬೇಗ ಹತ್ತುತ್ತದೆ.

ಆದರೆ ಸಸ್ಯಾಹಾರಿಗಳು ಒಂದು ಕಡೆ ಎಚ್ಚರವಾಗಿರಿ: ಲೆಂಟಿಲ್ ಸೂಪ್. ನೋಡೋಕೆ ನಮ್ಮ ಬೇಳೆ ಕಟ್ಟು. ಹಳೆಯ ಕ್ರಮದಲ್ಲಿ ಅದನ್ನು ಹಂದಿ ಮೂಳೆ ಬೇಯಿಸಿದ ನೀರಿನಲ್ಲಿ ಕುದಿಸುತ್ತಾರೆ. ಕೇಳದೆ ಚಮಚ ಎತ್ತಬೇಡಿ. ಬುಕ್ ಮಾಡುವಾಗಲೇ ಏನೇನು ತಿನ್ನುವುದಿಲ್ಲ ಅಂತ ಬರೆದು ಕಳಿಸಿ. ಅಲ್ಲಿಗೆ ಹೋಗಿ ಹೇಳಿದರೆ ಸಿಗುವುದು ಬರೀ ಆಲೂಗಡ್ಡೆ.

ಸಿಹಿಗೆ ಟ್ಯಾಬ್ಲೆಟ್ ಕೇಳಿ. ಇದು ಮಾತ್ರೆ ಅಲ್ಲ. ಸಕ್ಕರೆ, ಬೆಣ್ಣೆ, ಕಂಡೆನ್ಸ್ಡ್ ಮಿಲ್ಕ್ ಕುದಿಸಿ, ಚೆನ್ನಾಗಿ ತಿರುವಿ, ತಟ್ಟೆಗೆ ಸುರಿದು ಚೌಕ ಕತ್ತರಿಸಿದ್ದು. ಹಾಲಿನ ಬರ್ಫಿಯ ಹತ್ತಿರದ ನೆಂಟ. ಸಕ್ಕರೆ ಮಾತ್ರ ಜಾಸ್ತಿ.

ಮೀನು ತಿನ್ನುವವರಾದರೆ ಆರ್ಬ್ರೋತ್

ಎಡಿನ್‌ಬರೊದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಬಂದರಿನ ಹತ್ತಿರ ಹೊಗೆಮನೆಗಳಿವೆ. ವಿಳಾಸ ಹುಡುಕಬೇಕಿಲ್ಲ, ಮೂಗೇ ಕರೆದುಕೊಂಡು ಹೋಗುತ್ತದೆ. ಹ್ಯಾಡಕ್ ಮೀನಿನ ತಲೆ ತೆಗೆದು, ಉಪ್ಪು ಹಾಕಿ ಇಟ್ಟು, ಎರಡೆರಡು ಮೀನುಗಳ ಬಾಲವನ್ನು ಸೆಣಬಿನ ದಾರದಿಂದ ಕಟ್ಟುತ್ತಾರೆ. ಆ ಜೋಡಿಗಳನ್ನು ಕೋಲಿಗೆ ನೇತುಹಾಕಿ ಗಟ್ಟಿಮರದ ಬೆಂಕಿಯ ಮೇಲಿಟ್ಟು ಒದ್ದೆ ಗೋಣಿ ಮುಚ್ಚುತ್ತಾರೆ. ಒಂದು ಗಂಟೆಯೊಳಗೆ ಗೋಣಿ ಸರಿಸಿದರೆ ಮೀನಿನ ಚರ್ಮ ಉಜ್ಜಿದ ತಾಮ್ರದ ಬಣ್ಣ. ಬಿಸಿ ಇರುವಾಗಲೇ ಕೈಯಲ್ಲಿ ಬಿಡಿಸಿ ತಿನ್ನಬೇಕು. ಮುಳ್ಳು ಬಾಚಣಿಗೆಯಂತೆ ಒಟ್ಟಿಗೆ ಎದ್ದು ಬರುತ್ತದೆ. ಮಂಗಳೂರಿನ ಕಡೆಯವರು ಖಾರ ಎಲ್ಲಿ ಅಂತ ಕೇಳಬಹುದು. ಒಂದು ಸಲ ಖಾರವಿಲ್ಲದೆ ತಿಂದು ನೋಡಿ.

ಈ 'ಆರ್ಬ್ರೋತ್ ಸ್ಮೋಕಿ'ಗೆ 2004ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿತು. ಊರಿನಿಂದ 8 ಕಿಲೋಮೀಟರ್ ಒಳಗೆ ಮಾಡಿದ್ದಕ್ಕೆ ಮಾತ್ರ ಆ ಹೆಸರು.

ಈಗ ವಿಸ್ಕಿ

ಮೂರು ದಿನದಲ್ಲಿ ಇಡೀ ದೇಶದ ಡಿಸ್ಟಿಲರಿ ನೋಡುತ್ತೇನೆ ಅಂದುಕೊಳ್ಳಬೇಡಿ. ಒಂದು ಪ್ರದೇಶ ಹಿಡಿಯಿರಿ. ಕಾನೂನಿನ ಪ್ರಕಾರ ಐದಿವೆ: ಹೈಲ್ಯಾಂಡ್, ಲೋಲ್ಯಾಂಡ್, ಸ್ಪೇಸೈಡ್, ಕ್ಯಾಂಬೆಲ್‌ಟೌನ್, ಐಲಾ. ಹಣ್ಣು, ಜೇನಿನಂಥ ರುಚಿಯ ಕಡೆ ಒಲವಿದ್ದರೆ ಸ್ಪೇಸೈಡ್. ಹೊಗೆಯ ರುಚಿ ಬೇಕೆಂದರೆ ಐಲಾ ದ್ವೀಪ.

ಐಲಾಗೆ ನನ್ನ ವೋಟು. ಪಶ್ಚಿಮ ಕರಾವಳಿಯ ಕೆನ್ನಕ್ರೇಗ್ ಬಂದರಿನಿಂದ ದೋಣಿಯಲ್ಲಿ ಸುಮಾರು ಎರಡು ಗಂಟೆ. ಪೋರ್ಟ್ ಎಲೆನ್ ಊರಿನಿಂದ ಹೊರಟರೆ ರಸ್ತೆ ಪಕ್ಕದ ಕಾಲುದಾರಿಯಲ್ಲೇ ಲಫ್ರೋಯ್ಗ್, ಲಾಗವುಲಿನ್, ಆರ್ಡ್‌ಬೆಗ್ ಡಿಸ್ಟಿಲರಿಗಳು ಒಂದರ ಹಿಂದೆ ಒಂದು ಸಿಗುತ್ತವೆ. ಒಟ್ಟು ಸುಮಾರು 5 ಕಿಲೋಮೀಟರ್. ಕಾರು ಬೇಕಾಗಿಲ್ಲ, ಅದೇ ದೊಡ್ಡ ಲಾಭ. ಸ್ಕಾಟ್ಲೆಂಡಿನಲ್ಲಿ ಕುಡಿದು ಓಡಿಸುವ ಮಿತಿ ಇಂಗ್ಲೆಂಡಿಗಿಂತ ಬಿಗಿ. 100 ಮಿಲಿ ರಕ್ತಕ್ಕೆ ಇಂಗ್ಲೆಂಡಿನಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್, ಸ್ಕಾಟ್ಲೆಂಡಿನಲ್ಲಿ 50. ಕಾರು ತಂದಿದ್ದೇ ಆದರೆ ಮೊದಲೇ ಹೇಳಿ. ಎಷ್ಟೋ ಕಡೆ ಡ್ರೈವರ್ ಪಾಲನ್ನು ಪುಟ್ಟ ಬಾಟಲಿಯಲ್ಲಿ ಹಾಕಿ ಕೊಡುತ್ತಾರೆ.

ಬುಕ್ ಮಾಡುವ ಮುಂಚೆ 'ಸೈಲೆಂಟ್ ಸೀಸನ್' ಯಾವಾಗ ಅಂತ ವಿಚಾರಿಸಿ. ರಿಪೇರಿಗಾಗಿ ಬೇಸಿಗೆಯಲ್ಲಿ ಕೆಲವು ವಾರ ತಯಾರಿಕೆ ನಿಲ್ಲಿಸುವುದು ರೂಢಿ. ಆಗ ಹೋದರೆ ತಣ್ಣಗಿನ ಪಾತ್ರೆ ನೋಡಿ ಬರಬೇಕಾಗುತ್ತದೆ. ಕೆಲಸ ನಡೆಯುತ್ತಿದ್ದರೆ ಗೈಡ್ ಹುದುಗುವ ತೊಟ್ಟಿಯ ಮುಚ್ಚಳ ಎತ್ತಿ ಬಗ್ಗಿ ನೋಡಿ ಅನ್ನುತ್ತಾರೆ. ಮೊದಲು ಬರುವುದು ರಾತ್ರಿಯಿಡೀ ಉಬ್ಬಿದ ದೋಸೆಹಿಟ್ಟಿನ ಹುಳಿ ವಾಸನೆ. ಜೋರಾಗಿ ಉಸಿರೆಳೆದಿರೋ, ಕಾರ್ಬನ್ ಡೈಆಕ್ಸೈಡ್ ಮೂಗಿಗೆ ಗುದ್ದುತ್ತದೆ. ಮೆಲ್ಲಗೆ.

ಗ್ಲಾಸು ಕೈಗೆ ಬಂದಾಗಲೂ ಮೂಗಿಗೇ ಮೊದಲ ಕೆಲಸ. ಬಾಯಿ ಸ್ವಲ್ಪ ತೆರೆದುಕೊಂಡು ಗ್ಲಾಸಿನ ಅಂಚಿನಲ್ಲಿ ಮೂಗಿಡಿ. ಆಲ್ಕೋಹಾಲಿನ ಕಟು ಅಷ್ಟಾಗಿ ಹೊಡೆಯುವುದಿಲ್ಲ, ಉಳಿದ ವಾಸನೆ ನಿಲ್ಲುತ್ತದೆ. ಒಂದು ಗುಟುಕು ಹೀರಿ, ನಾಲಿಗೆಯ ಮೇಲೆಲ್ಲ ಓಡಾಡಿಸಿ. ಆಮೇಲೆ ನಾಲ್ಕೈದು ಹನಿ ನೀರು ಹಾಕಿ ಮತ್ತೆ ಮೂಸಿ. ನೀರು ಹಾಕುವುದು ಅವಮಾನ ಅನ್ನುವವರ ಮಾತು ಕೇಳಬೇಡಿ, ಡಿಸ್ಟಿಲರಿಯವರೇ ಜಗ್ ಇಟ್ಟಿರುತ್ತಾರೆ. ಹೊಗೆಯ ವಿಸ್ಕಿ ಕೊನೆಗಿರಲಿ. ಪೀಟ್ ಅಂದರೆ ಜೌಗು ನೆಲದಿಂದ ಕಡಿದು ಒಣಗಿಸಿದ ಮಣ್ಣು. ಅದನ್ನು ಸುಟ್ಟ ಹೊಗೆಯಲ್ಲಿ ಮೊಳಕೆ ಬಂದ ಬಾರ್ಲಿ ಒಣಗಿರುತ್ತದೆ. ಅದರ ಮೇಲೆ ಬೇರೆ ಯಾವ ರುಚಿಯೂ ಏಳುವುದಿಲ್ಲ. ಸಾಕು ಅನಿಸಿದರೆ ಉಳಿದದ್ದನ್ನು ಚೆಲ್ಲಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಗೋದಾಮಿನಲ್ಲಿ 'ಏಂಜಲ್ಸ್ ಶೇರ್' ಕಥೆ ಖಂಡಿತ ಬರುತ್ತದೆ. ಸ್ಕಾಚ್ ಅನ್ನಿಸಿಕೊಳ್ಳಲು ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಲೇಬೇಕು. ಆಗ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗಿ ದೇವತೆಗಳ ಪಾಲಾಗುತ್ತದೆಯಂತೆ. ಬೆಂಗಳೂರಿನ ಬಿಸಿಲಿಗೆ ಶೇ 10ಕ್ಕೂ ಮೇಲೆ ಹೋಗುತ್ತದೆ ಅಂತ ಹೇಳಿ ನೋಡಿ, ಗೈಡ್ ಕಿವಿ ನೆಟ್ಟಗಾಗುತ್ತದೆ. ನಮ್ಮ ಬೆಂಗಳೂರಿನದೇ ಆದ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ 2004ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೊದಲ್ಲಿ!

ಊರಿಗೆ ತರೋದಾದರೆ ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್. ಅಂಗಡಿಗೆ ಬೇಗ ಹೋಗಿ. ಸ್ಕಾಟ್ಲೆಂಡಿನ ಅಂಗಡಿಗಳಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 10ರವರೆಗೆ ಮಾತ್ರ ಮದ್ಯ ಮಾರಬಹುದು. ಕೊನೆಯ ರಾತ್ರಿ 10 ಗಂಟೆ 5 ನಿಮಿಷಕ್ಕೆ ಎರಡು ಬಾಟಲಿ ಹಿಡಿದು ಕೌಂಟರ್ ಮುಂದೆ ನಿಂತಿದ್ದೆ. ಹುಡುಗಿ ನಗುತ್ತಲೇ ಎರಡನ್ನೂ ತೆಗೆದು ಪಕ್ಕಕ್ಕಿಟ್ಟಳು. ಮನೆಯವರಿಗೆ ಟ್ಯಾಬ್ಲೆಟ್ ಕೊಂಡೆ, ನಾಲ್ಕು ಪ್ಯಾಕೆಟ್.