ಕಟಿಂಗ್ ಮೊದಲು, ಮಾತು ಆಮೇಲೆ: ಸಿದ್ದಿ ಹುಡುಗರ ಮನಸ್ಸಿಗೆ ಜೊತೆಯಾಗುವುದು ಹೇಗೆ

ನಾನು ಕಲಘಟಗಿ ತಾಲ್ಲೂಕಿನ ಸಿದ್ದಿ, ಆಫ್ರಿಕಾ ಮೂಲದ ಸಮುದಾಯದವನು. ಧಾರವಾಡದಲ್ಲಿ ಟಾಟಾ ಏಸ್ ಓಡಿಸುತ್ತೇನೆ. ಭಾನುವಾರ ಗಾಡಿ ನಿಲ್ಲಿಸಿ ನಮ್ಮ ಹುಡುಗರಿಗೆ ಕಟಿಂಗ್ ಮಾಡುತ್ತೇನೆ. ಕಾಲೇಜಿಗೆ ಬಂದವರು, ಹೋಟೆಲಿನಲ್ಲಿ ದುಡಿಯುವವರು, ಸೆಂಟ್ರಿಂಗ್ ಕೆಲಸದವರು, ಎಲ್ಲರೂ ಬರುತ್ತಾರೆ. ದುಡ್ಡು ತಗೊಳ್ಳುವುದಿಲ್ಲ. ನಮ್ಮ ಊರಲ್ಲೂ ಇಂಥದ್ದು ಶುರು ಮಾಡಬೇಕು, ಹೇಗೆ ಅಂತ ಇಬ್ಬರು ಮೂವರು ಕೇಳಿದರು. ಅದಕ್ಕೆ ಇಷ್ಟು ಬರೆಯುತ್ತಿದ್ದೇನೆ.

ಕಟಿಂಗ್ ಯಾಕೆ ಅಂತ ಮೊದಲು ಹೇಳುತ್ತೇನೆ. "ಮಾನಸಿಕ ಆರೋಗ್ಯ ಸಭೆ" ಅಂತ ಬೋರ್ಡ್ ಹಾಕಿದರೆ ಒಬ್ಬ ಹುಡುಗನೂ ಬರುವುದಿಲ್ಲ. ಆದರೆ ನಮ್ಮ ಗುಂಗುರು ಕೂದಲು ಪೇಟೆಯಲ್ಲಿ ನಿಜವಾಗಿಯೂ ಒಂದು ತೊಂದರೆ. "ಈ ಕೂದ್ಲಾ ನಮ್ಮ ಕೈಲೆ ಆಗಂಗಿಲ್ಲ ತಮ್ಮಾ" ಅಂತ ವಾಪಸ್ ಕಳಿಸುವ ಅಂಗಡಿಗಳಿವೆ. ಕೈ ಹಾಕಿ ಕೂದಲು ಹಿಂಡಿ ನೋಡುವ ಗಿರಾಕಿಗಳಿದ್ದಾರೆ. ಮೊಬೈಲ್ ತೆಗೆದು ವಿಡಿಯೊ ಮಾಡಿಕೊಂಡವರೂ ಇದ್ದಾರೆ. ಅದಕ್ಕೇ ಎಷ್ಟೋ ಹುಡುಗರು ಬಿಸಿಲಿರಲಿ ಮಳೆಯಿರಲಿ ಟೋಪಿ ತೆಗೆಯುವುದಿಲ್ಲ. ಅವಮಾನ ಶುರುವಾಗುವ ಜಾಗದಿಂದಲೇ ನಾವೂ ಶುರು ಮಾಡಬೇಕು, ಅಲ್ವಾ?

ಇದು ನಾನು ಕಂಡುಹಿಡಿದದ್ದೇನಲ್ಲ. ಅಮೆರಿಕದ ಕಪ್ಪು ಜನರಿಗೆ ಕ್ಷೌರದ ಅಂಗಡಿಯೇ ಊರ ಕಟ್ಟೆ. ಲಾಸ್ ಏಂಜಲೀಸ್‌ನಲ್ಲಿ 52 ಅಂಗಡಿಗಳ 319 ಕಪ್ಪು ಗಂಡಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ಮಾಡಿದ್ದರು. 2018ರಲ್ಲಿ ಅದು ಪ್ರಕಟವಾಯಿತು. ಔಷಧ ಬಲ್ಲವರು ಅಂಗಡಿಗೇ ಬಂದು ಬಿಪಿ ನೋಡಿ ಮಾತ್ರೆ ಹೊಂದಿಸಿಕೊಟ್ಟ ಕಡೆ, ಆರು ತಿಂಗಳಲ್ಲಿ ಮೇಲಿನ ಬಿಪಿ ಸರಾಸರಿ 27 ಅಂಕ ಇಳಿಯಿತು. ಬರೀ ಬುದ್ಧಿಮಾತು ಹೇಳಿ ಡಾಕ್ಟರ್ ಹತ್ತಿರ ಕಳಿಸಿದ ಕಡೆ ಇಳಿದದ್ದು ಸುಮಾರು 9. ಅದು ಬಿಪಿ ಮಾತಾಯಿತು. ಮನಸ್ಸಿನ ವಿಷಯಕ್ಕೆ ಅರ್ಕಾನ್ಸಾಸ್‌ನ ಲೊರೆಂಜೊ ಲೂಯಿಸ್ 2016ರಲ್ಲಿ 'ದಿ ಕನ್‌ಫೆಸ್ ಪ್ರಾಜೆಕ್ಟ್' ಶುರು ಮಾಡಿದರು. ಗಿರಾಕಿಯ ಮಾತು ಕೇಳಿಸಿಕೊಳ್ಳುವುದು ಹೇಗೆ, ಯಾವಾಗ ಡಾಕ್ಟರ್ ಹತ್ತಿರ ಕಳಿಸಬೇಕು ಅಂತ ಕ್ಷೌರಿಕರಿಗೆ ಕಲಿಸುತ್ತಾರೆ. ಅಲ್ಲಿ ಅಂಗಡಿ ಅವರದೇ. ಧಾರವಾಡದಲ್ಲಿ ನಮಗೆ ಅಂಗಡಿ ಇಲ್ಲ. ಒಂದು ರೂಮು, ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಟ್ರಿಮ್ಮರ್ ಸಾಕು.

ಕುರ್ಚಿ ಹಾಕುವುದು

ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಹಾಕಿ. ಎದುರಿಗೆ ದೊಡ್ಡ ಕನ್ನಡಿ ಬೇಡ. ಕೈಗನ್ನಡಿ ಕೊನೆಗೆ ಕೊಟ್ಟರಾಯಿತು. ನೀವು ಹಿಂದೆ ನಿಂತಿರುತ್ತೀರಿ, ಅವನು ಗೋಡೆ ನೋಡುತ್ತಿರುತ್ತಾನೆ. ಕಣ್ಣಿಗೆ ಕಣ್ಣು ಕೊಡದೆ ಮಾತಾಡುವುದು ಗಂಡು ಹುಡುಗರಿಗೆ ಸಲೀಸು.

ನಮ್ಮ ಕೂದಲನ್ನು ಒಣಗಿದ್ದಾಗಲೇ ಕತ್ತರಿಸಿ. ಒದ್ದೆಯಾದರೆ ಉದ್ದ ಕಾಣಿಸುತ್ತದೆ, ಆಮೇಲೆ ಒಣಗಿ ಸುತ್ತಿಕೊಂಡಾಗ ಜಾಸ್ತಿ ಹೋಗಿಬಿಟ್ಟಿರುತ್ತದೆ. ಗಡ್ಡಕ್ಕೆ ಮೂರು ನಾಲ್ಕು ಬ್ಲೇಡಿನ ರೇಜರ್ ಬೇಡವೇ ಬೇಡ. ಗುಂಗುರು ಕೂದಲನ್ನು ಬುಡಕ್ಕೆ ಕತ್ತರಿಸಿದರೆ ತುದಿ ತಿರುಗಿ ಚರ್ಮದೊಳಗೆ ಹೋಗಿ ಗುಳ್ಳೆ ಏಳುತ್ತದೆ. ಹುಡುಗರು ಅದನ್ನು ಮೊಡವೆ ಅಂದುಕೊಂಡು ಸಿಕ್ಕ ಸಿಕ್ಕ ಕ್ರೀಮ್ ಹಚ್ಚುತ್ತಾರೆ. ಟ್ರಿಮ್ಮರ್‌ನಿಂದ ಸ್ವಲ್ಪ ಬಿಟ್ಟೇ ತೆಗೆಯಿರಿ. ಒಬ್ಬರಾದ ಮೇಲೆ ಒಬ್ಬರಿಗೆ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ.

"ಏನಾಗೇತಿ?" ಅಂತ ಕೇಳಿದರೆ "ಏನಿಲ್ಲಣ್ಣ" ಅಂತಲೇ ಉತ್ತರ. ಹಾಗೆ ಕೇಳಬೇಡಿ. "ರಾತ್ರಿ ಎಷ್ಟಕ್ಕ ಮಲ್ಕೋತಿ?", "ಮೆಸ್ಸಿನ್ಯಾಗ ಯಾರ ಜೋಡಿ ಕುಂಡರ್ತಿ?", "ಮನಿಗೆ ಫೋನ್ ಯಾವಾಗ ಹಚ್ಚಿದ್ದಿ?" ಅಂತ ಕೇಳಿ. ಮೆಸ್ಸಿನ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಜಾಸ್ತಿ ತಿಳಿಸುವುದು. ತಟ್ಟೆ ಹಿಡಿದು ರೂಮಿಗೆ ಹೋಗಿ ಒಬ್ಬನೇ ಉಣ್ಣುವ ಹುಡುಗನ ಮೇಲೆ ಕಣ್ಣಿಡಿ. ಬೇಜಾರು ಅನ್ನುವುದನ್ನು ಹುಡುಗರು ಬಾಯಿಬಿಟ್ಟು ಹೇಳುವುದು ಕಮ್ಮಿ. ತಲೆ ಜಡ, ಎದೆ ಬಿಗಿತ, ಹೊಟ್ಟೆನೋವು ಅಂತಾರೆ. ಇಲ್ಲವೇ ಸುಮ್ನೆ ಜಗಳ ತೆಗೆಯುತ್ತಾರೆ. ಎರಡು ವಾರ ದಾಟಿದರೂ ನಿದ್ದೆ ಊಟ ಸರಿಯಾಗದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಇದ್ದರೆ ಡಾಕ್ಟರಿಗೆ ತೋರಿಸಬೇಕು.

ಅವಮಾನದ ಮಾತು ಬಂದಾಗ

ಬಂದೇ ಬರುತ್ತದೆ. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು. ತಪ್ಪಿಸಿಕೊಂಡವರು ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಕಲಘಟಗಿ ಕಡೆ ತಲೆಮಾರುಗಳಿಂದ ಇದ್ದೇವೆ. ಆದರೂ ಸಿಟಿ ಬಸ್ಸಿನಲ್ಲಿ "ಯಾವ ದೇಶ?" ಅನ್ನುವುದು ತಪ್ಪಿಲ್ಲ. ಕನ್ನಡದಲ್ಲಿ ಉತ್ತರ ಕೊಟ್ಟರೆ ನಗುತ್ತಾರೆ. ಕ್ಲಾಸಿನಲ್ಲಿ ವೆಸ್ಟ್ ಇಂಡೀಸ್ ಕ್ರಿಕೆಟಿಗನ ಹೆಸರು ಹಿಡಿದು 'ಗೇಲ್' ಅಂತ ಹೆಸರಿಡುತ್ತಾರೆ. ಓಟ ಬರದ ಹುಡುಗನಿಗೂ "ನೀವೆಲ್ಲ ಓಡ್ತೀರಲ್ಲ" ಅನ್ನುತ್ತಾರೆ. 1987ರಲ್ಲಿ ಕ್ರೀಡಾ ಪ್ರಾಧಿಕಾರ ನಮ್ಮ ಮಕ್ಕಳನ್ನು ಆರಿಸಿ ತರಬೇತಿ ಶುರು ಮಾಡಿತ್ತು, ಕೆಲವೇ ವರ್ಷಕ್ಕೆ ಅದು ನಿಂತಿತು. ಆ ನಿರೀಕ್ಷೆ ಮಾತ್ರ ನಿಂತಿಲ್ಲ. ಲೆಕ್ಕ ಓದಬೇಕು ಅನ್ನುವ ಹುಡುಗನಿಗೆ ಅದೂ ಒಂದು ಹೊರೆ.

"ಬಿಡೋ, ತಮಾಷೆಗೆ ಅಂದಿರಬೇಕು" ಅಂತ ಮಾತ್ರ ಹೇಳಬೇಡಿ. ಹಾಗಂದರೆ ಆ ಹುಡುಗ ಮತ್ತೆ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ. ಪೂರ್ತಿ ಕೇಳಿಸಿಕೊಳ್ಳಿ. "ಏನ್ ಮಾಡೋಣಂತಿ?" ಅಂತ ಅವನನ್ನೇ ಕೇಳಿ. ದಿನ, ಜಾಗ, ಯಾರಿದ್ದರು ಅಂತ ಮೊಬೈಲಿನಲ್ಲಿ ಬರೆದಿಡಲು ಹೇಳಿ. ವಾರ್ಡನ್ ಹತ್ತಿರ ಹೋಗುವುದಾದರೆ ಜೊತೆಗೆ ಹೋಗಿ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಯವರು 2020ರಲ್ಲಿ. ಅಂದರೆ ನಾಲ್ಕು ಜನರ ಎದುರು ಜಾತಿ ಹಿಡಿದು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ನಮಗೂ ಇದೆ. ಜಾತಿ ಪ್ರಮಾಣಪತ್ರ ಮಾಡಿಸದವರು ಇನ್ನೂ ಇದ್ದಾರೆ. ಕಟಿಂಗ್‌ಗೆ ಕಾಯುತ್ತಾ ಕೂತಿರುವಾಗ ಆ ಅರ್ಜಿಯನ್ನೂ ತುಂಬಿಸಿ. ಕೇಸು ಹಾಕುವುದೋ ಬಿಡುವುದೋ ಅವನ ತೀರ್ಮಾನ. ನಿಮ್ಮ ಸಿಟ್ಟನ್ನು ಅವನ ಹೆಗಲಿಗೆ ಹಾಕಬೇಡಿ.

ನೇರವಾಗಿ ಕೇಳಬೇಕಾದ ಒಂದು ಪ್ರಶ್ನೆ

"ನಾನಿದ್ದು ಏನುಪಯೋಗ" ಅನ್ನುವ ಮಾತು ಬಂದರೆ, ಇಷ್ಟದ ಬೂಟು, ಮೊಬೈಲು ಬೇರೆಯವರಿಗೆ ಕೊಡಲು ಶುರು ಮಾಡಿದರೆ, ಟ್ರಿಮ್ಮರ್ ಆಫ್ ಮಾಡಿ. ಉಳಿದವರನ್ನು ಚಹಾಕ್ಕೆ ಕಳಿಸಿ. ಸುತ್ತಿಬಳಸದೆ ಕೇಳಿ: "ತಮ್ಮಾ, ಜೀವಾ ಕಳ್ಕೋಬೇಕು ಅಂತ ಮನಸ್ಸಿಗೆ ಬಂದೈತೇನು?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಕೇಳಿದರೆ ಮನಸ್ಸು ಹಗುರವಾಗುವುದೇ ಜಾಸ್ತಿ.

ಹೌದು ಅಂದರೆ ಅವನನ್ನು ಒಬ್ಬನನ್ನೇ ಬಿಡಬೇಡಿ. ದೇವರು, ತಾಯಿ, ಕರ್ತವ್ಯ ಅಂತ ಭಾಷಣ ಬೇಡ. ಅಲ್ಲಿಂದಲೇ 14416ಕ್ಕೆ ಫೋನ್ ಹಚ್ಚಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಕೈಮೀರುವ ಹಾಗಿದ್ದರೆ 108ಕ್ಕೆ ಮಾಡಿ. ಊರಿನ ಮನೆಯಲ್ಲಿದ್ದಾನೆ ಅಂದರೆ, ಗೋವಿನಜೋಳಕ್ಕೋ ಭತ್ತಕ್ಕೋ ತಂದಿಟ್ಟ ಎಣ್ಣಿ (ಕೀಟನಾಶಕ) ಡಬ್ಬಿಯನ್ನು ಬೇರೆಯವರ ಮನೆಯಲ್ಲಿಟ್ಟು ಬೀಗ ಹಾಕಿಸಿ. ಪೊಲೀಸ್ ಕೇಸಾಗುತ್ತದೆ ಅಂತ ಮನೆಯವರು ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಜೀವ ಕಳೆದುಕೊಳ್ಳಲು ಹೋದವನು ತೀವ್ರ ಒತ್ತಡದಲ್ಲಿದ್ದ ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವ ಹಾಗಿಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿ.

ಕುರ್ಚಿಯಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಜೀವದ ಪ್ರಶ್ನೆ ಬಂದಾಗ ಮಾತ್ರ ಬೇರೆಯವರಿಗೆ ಹೇಳುತ್ತೇನೆ ಅಂತ ಮೊದಲ ದಿನವೇ ತಿಳಿಸಿಬಿಡಿ.

ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುವುದು

ಧಾರವಾಡದಲ್ಲಿ ಡಿಮ್ಹಾನ್ಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಆಸ್ಪತ್ರೆ, ಇರುವುದು ನಮ್ಮ ಪುಣ್ಯ. ಆದರೆ "ಹುಚ್ಚರ ದವಾಖಾನಿ" ಅನ್ನುವ ಹಳೇ ಹೆಸರಿಗೆ ಹೆದರಿ ಗೇಟಿನಿಂದಲೇ ತಿರುಗಿ ಬರುವವರಿದ್ದಾರೆ. ಇಬ್ಬರು ಜೊತೆಗೆ ಹೋಗಿ. ಬೆಳಿಗ್ಗೆ ಬೇಗ ಹೊರಡಿ, ಆಧಾರ್, ರೇಷನ್ ಕಾರ್ಡ್ ಇಟ್ಟುಕೊಳ್ಳಿ, ಎರಡು ರೊಟ್ಟಿ ಕಟ್ಟಿಕೊಳ್ಳಿ. ಒಳಗೆ ನಿದ್ದೆ, ಊಟ, ಮನೆ, ಕುಡಿತ ಇಂಥವನ್ನೇ ಕೇಳುತ್ತಾರೆ ಅಂತ ಮೊದಲೇ ಹೇಳಿಡಿ. ಬೇಸರಕ್ಕೆ ಕೊಡುವ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕನೇ ದಿನವೇ "ಏನೂ ಆಗ್ಲಿಲ್ಲ" ಅಂತ ಬಿಡುತ್ತಾರೆ. ಗುಣ ಕಂಡ ಮೇಲೂ ತಾವೇ ನಿಲ್ಲಿಸಬಾರದು.

ದೊಡ್ಡವರ ವಿಷಯ ಬೇರೆ. ಅವರು ರೂಮಿಗೆ ಬರುವುದಿಲ್ಲ. ಡಮಾಮಿ ಬಾರಿಸುವ ಜಾಗಕ್ಕೋ ಅವರ ಕೆಲಸದ ಕಡೆಗೋ ನೀವೇ ಹೋಗಬೇಕು. ದಿನಾ ಜಾಸ್ತಿ ಕುಡಿಯುವವರಿಗೆ "ಇವತ್ತೇ ಬಿಡು" ಅಂತ ಆಣೆ ಹಾಕಿಸಬೇಡಿ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ್ ಹೇಳಿದ ಹಾಗೆ ಬಿಡಿಸಬೇಕು.

ಸಿದ್ದಿ ಅಲ್ಲದವರು ಏನು ಮಾಡಬಹುದು ಅಂತ ಕೇಳುತ್ತೀರಾ? ಕೂದಲು ಮುಟ್ಟಬೇಡಿ. "ಯಾವ ಊರು?" ಅಂತ ಕೇಳಿ. ರೂಮು ಖಾಲಿ ಇದ್ದರೆ ಬಾಡಿಗೆಗೆ ಕೊಡಿ. ಕಟಿಂಗ್ ಅಂಗಡಿ ಇಟ್ಟವರಾದರೆ ಒಂದು ಭಾನುವಾರ ಬನ್ನಿ, ಈ ಕೂದಲು ಕತ್ತರಿಸುವುದನ್ನು ತೋರಿಸಿಕೊಡುತ್ತೇನೆ.

ಎಲ್ಲ ನೀವೊಬ್ಬರೇ ಮಾಡಲು ಹೋಗಬೇಡಿ, ನಿಮಗೂ ತಲೆ ಕೆಡುತ್ತದೆ. ಇಬ್ಬರು ದೊಡ್ಡ ಹುಡುಗರಿಗೆ ಟ್ರಿಮ್ಮರ್ ಹಿಡಿಯುವುದು ಕಲಿಸಿ, ರೂಮಿನ ಇನ್ನೊಂದು ಕೀಲಿ ಅವರ ಹತ್ತಿರ ಇರಲಿ. ಪ್ರತಿ ಹುಡುಗನ ಮನೆಯ ಒಬ್ಬರ ನಂಬರ್ ಮೂವರ ಫೋನಿನಲ್ಲೂ ಇರಲಿ. ರಿಸಲ್ಟ್ ಬರುವ ವಾರ ಮಾತ್ರ ಭಾನುವಾರಕ್ಕೆ ಕಾಯಬೇಡಿ. ರಿಸಲ್ಟ್ ಬಂದ ದಿನ ಸಂಜೆಯೇ ರೂಮು ತೆಗೆಯಿರಿ. ಬರದವನಿಗೆ ಫೋನ್ ಹಚ್ಚಿ, ಎತ್ತದಿದ್ದರೆ ಗಾಡಿ ತಗೊಂಡು ಹಾಸ್ಟೆಲಿಗೇ ಹೋಗಿ.