ಪೌತಿ ಖಾತೆಗೆ ಮುನ್ನ: ಜಮೀನಿನ ಕಾಗದಗಳನ್ನು ಓದುವ ಕ್ರಮ

ಮನೆಯ ಹಿರಿಯರು ತೀರಿಕೊಂಡ ಬಳಿಕ, ದಾಖಲೆಯಲ್ಲಿ ವಾರಸುದಾರರ ಹೆಸರನ್ನು ಸೇರಿಸುವ ಪೌತಿ ಖಾತೆಗೆ ಮುನ್ನ, ಪೆಟ್ಟಿಗೆಯಿಂದ ಹೊರಬರುವ ಜಮೀನಿನ ಕಾಗದಗಳನ್ನು ಮೊದಲು ಎರಡು ಗುಂಪು ಮಾಡಿಕೊಳ್ಳಿ. ಹಕ್ಕನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಪತ್ರಗಳು ಒಂದು ಕಡೆ, ಆಸ್ತಿ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ದಾಖಲೆಗಳು ಇನ್ನೊಂದು ಕಡೆ ಇರಲಿ. ಕರ್ನಾಟಕದ ಕುಟುಂಬಗಳಲ್ಲಿ ಎಷ್ಟೋ ಆಸ್ತಿ ವ್ಯಾಜ್ಯಗಳು ಈ ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದಲೇ ಹುಟ್ಟಿವೆ.

ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ ಇವು ಮೊದಲನೆಯ ಗುಂಪಿನವು. 1908ರ ನೋಂದಣಿ ಕಾಯ್ದೆಯಂತೆ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರವನ್ನು ನೋಂದಾಯಿಸಲೇಬೇಕು. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಮತ್ತು ಬರೆದವರ ಮರಣಾನಂತರವೇ ಅದು ಜಾರಿಗೆ ಬರುತ್ತದೆ. ಕ್ರಯದ ಕರಾರು ಮುಂದೆ ಮಾರುವೆನೆಂಬ ಒಪ್ಪಂದವೇ ಹೊರತು ಮಾರಾಟವಲ್ಲ. ನೋಂದಾಯಿತ ಕ್ರಯಪತ್ರವಿಲ್ಲದೆ ಬರಿಯ ಅಧಿಕಾರಪತ್ರದ, ಅಂದರೆ ಜಿಪಿಎಯ, ಮೂಲಕ ನಡೆಯುವ ಮಾರಾಟದಿಂದ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ.

ಪಹಣಿ, ಮ್ಯುಟೇಷನ್ (ಕಂದಾಯ ದಾಖಲೆಯಲ್ಲಿ ಹೆಸರು ಬದಲಾದ ನಮೂದು), ಖಾತೆ, ಕಂದಾಯದ ರಸೀದಿ ಎರಡನೆಯ ಗುಂಪಿಗೆ ಸೇರುತ್ತವೆ. ಪಹಣಿಯ 9ನೇ ಕಲಮಿನಲ್ಲಿ ಸ್ವಾಧೀನದಾರರ ಹೆಸರೂ 10ನೆಯದರಲ್ಲಿ ಆ ಸ್ವಾಧೀನತೆ ಬಂದ ಬಗೆಯೂ 11ನೆಯದರಲ್ಲಿ ಸಾಲ ಮತ್ತು ಇತರ ಹಕ್ಕುಗಳೂ ಇರುತ್ತವೆ. ಹೆಚ್ಚಿನವರು ಹೆಸರನ್ನಷ್ಟೇ ನೋಡಿ ಪಹಣಿಯನ್ನು ಮಡಚಿಡುತ್ತಾರೆ. ಮೂಲಪತ್ರವನ್ನು ಹುಡುಕುವ ದಾರಿ 10ನೇ ಕಲಮಿನಲ್ಲಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಪಹಣಿಯ ನಮೂದನ್ನು, ಸುಳ್ಳೆಂದು ಸಾಬೀತಾಗುವವರೆಗೆ, ನಿಜವೆಂದು ಭಾವಿಸಲಾಗುತ್ತದೆ. ಅದು ಹಕ್ಕನ್ನು ಸೃಷ್ಟಿಸುವುದಿಲ್ಲ.

ಋಣಭಾರ ಪ್ರಮಾಣಪತ್ರ, ಜನ ಇಸಿ ಎನ್ನುವುದು, ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ಹೇಳುತ್ತದೆ. ನೋಂದಣಿಯಾಗದ ಉಯಿಲಾಗಲಿ ಬಾಯಿಮಾತಿನ ಪಾಲಾಗಲಿ ಅದರಲ್ಲಿ ಸಿಗುವುದಿಲ್ಲವಾದ್ದರಿಂದ ಅವನ್ನು ಮನೆಯವರನ್ನೇ ಕೇಳಿ ತಿಳಿಯಬೇಕು.

ಇನ್ನು ಪೌತಿ ಖಾತೆ. ಮೃತರ ಹೆಸರಿನ ಜಾಗದಲ್ಲಿ ವಾರಸುದಾರರ ಹೆಸರನ್ನು ಸೇರಿಸುವ ಕ್ರಮವಿದು. ಹಿರಿಯ ಮಗನೊಬ್ಬನ ಹೆಸರನ್ನು ಬರೆಸಿದರೆ ಸಾಕೆಂಬ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಹೀಗೆ ಹೆಸರು ಬಿಟ್ಟುಹೋದ ಮಾತ್ರಕ್ಕೆ ತಾಯಿಯ ಪಾಲಾಗಲಿ ಅಕ್ಕತಂಗಿಯರ ಪಾಲಾಗಲಿ ಅಳಿಯುವುದಿಲ್ಲ. ಹಿಂದೂ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಮದುವೆಯಾದವರೂ ಸೇರಿ ಹೆಣ್ಣುಮಕ್ಕಳು, ಬದುಕಿದ್ದರೆ ಮೃತರ ತಾಯಿ ಸಮಾನ ವಾರಸುದಾರರು. ಪಿತ್ರಾರ್ಜಿತ ಆಸ್ತಿಯಲ್ಲಿ, ಅಲ್ಲಿಯವರೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಅದನ್ನು, ಮದುವೆಯಾದವರನ್ನೂ ಸೇರಿಸಿ, ದೇಶಕ್ಕೆಲ್ಲ ವಿಸ್ತರಿಸಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದ್ದರಿಂದ ಖಾತೆಗೆಂದು ಚಾಚಿದ ಕಾಗದಕ್ಕೆ ಸಹಿ ಹಾಕುವ ಮುನ್ನ ಅದು ಬರಿಯ ಒಪ್ಪಿಗೆಯೋ ಹಕ್ಕು ಬಿಡುಗಡೆ ಪತ್ರವೋ ಎಂಬುದನ್ನು ಅಕ್ಕತಂಗಿಯರು ತಲೆಬರಹದಿಂದ ಕೊನೆಯ ಸಾಲಿನವರೆಗೆ ಓದಿಯೇ ತಿಳಿಯಬೇಕು.

ಮ್ಯುಟೇಷನ್ ನೋಟಿಸು ಹೊರಟ ಮೇಲೆ ತಕರಾರು ಸಲ್ಲಿಸಲು ಗೊತ್ತುಪಡಿಸಿದ ಕಾಲಾವಕಾಶವಿರುತ್ತದೆ. ತಹಶೀಲ್ದಾರರ ಕಚೇರಿಯಲ್ಲಿ ತೀರ್ಮಾನವಾಗುವುದು ದಾಖಲೆಯಲ್ಲಿ ಯಾರ ಹೆಸರಿರಬೇಕು ಎಂಬುದಷ್ಟೇ. ಮಾಲೀಕತ್ವದ ಪ್ರಶ್ನೆ ಎದ್ದರೆ ಹಕ್ಕಿನ ಘೋಷಣೆಗೋ ಪಾಲಿಗೋ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು, ಮತ್ತು ದಾವೆ ಮುಗಿಯುವವರೆಗೆ ಜಮೀನು ಪರಭಾರೆಯಾಗದಂತೆ ಅಲ್ಲಿಯೇ ತಾತ್ಕಾಲಿಕ ತಡೆಯಾಜ್ಞೆಯನ್ನೂ ಕೋರಬೇಕು.