ರಾಜ್ಯ ಒಪ್ಪಿದ್ದನ್ನು ವೀಸಾ ಒಪ್ಪುವುದಿಲ್ಲ: ಅಮೆರಿಕದ ಗಾಂಜಾ ಕಾನೂನು ಮತ್ತು ನಾವು

ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಮಾರುವ ಅಂಗಡಿಗೆ, ಅಂದರೆ ಇಲ್ಲಿನವರು ಡಿಸ್ಪೆನ್ಸರಿ ಎನ್ನುವ ಮಳಿಗೆಗೆ, ಹೋದವರು ಮೊದಲು ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಬೇಕು. ಬಂದವರಿಗೆ 21 ವರ್ಷ ತುಂಬಿದೆಯೇ ಎಂಬುದೊಂದೇ ಅಲ್ಲಿರುವವರಿಗೆ ಬೇಕಾದ ವಿಷಯ. ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಇನ್ನೂ ಮಾಡಿಸದ ವಿದ್ಯಾರ್ಥಿಯೊಬ್ಬ ತನ್ನ ಭಾರತೀಯ ಪಾಸ್‌ಪೋರ್ಟನ್ನೇ ತೆರೆದು ಹಿಡಿದರೂ ಸಾಕು, ಹುಟ್ಟಿದ ದಿನಾಂಕ ನೋಡಿ ಒಳಗೆ ಬಿಡುತ್ತಾರೆ. ಆದರೆ ಅದೇ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ಅಂಟಿಸಿರುವ ವೀಸಾ ಬೇರೊಂದು ಕಾನೂನಿನ ಕೈಕೆಳಗಿದೆ. ಆ ಕಾನೂನಿನ ಪ್ರಕಾರ ಅಂಗಡಿಯ ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟಿರುವ ಡಬ್ಬಿಗಳನ್ನು ಕೈಯಲ್ಲಿ ಹಿಡಿಯುವುದೂ ಅಪರಾಧ. ಒಂದೇ ಪುಸ್ತಕದ ಎರಡು ಪುಟಗಳು ಹೀಗೆ ಎರಡು ಮಾತು ಹೇಳುತ್ತವೆ ಎಂಬುದನ್ನು ಹೊಸದಾಗಿ ಬಂದವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಅದನ್ನು ಬಿಡಿಸಿ ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಅಪರಾಧ ಕಾನೂನುಗಳನ್ನು ರಾಜ್ಯಗಳೂ ಮಾಡುತ್ತವೆ, ಒಕ್ಕೂಟದ ಅಂದರೆ ಫೆಡರಲ್ ಸರ್ಕಾರವೂ ಮಾಡುತ್ತದೆ. 1970ರಲ್ಲಿ ಬಂದ ನಿಯಂತ್ರಿತ ವಸ್ತುಗಳ ಫೆಡರಲ್ ಕಾಯ್ದೆಯು ಮಾದಕ ವಸ್ತುಗಳನ್ನು ಐದು ಪಟ್ಟಿಗಳಾಗಿ ವಿಂಗಡಿಸಿ, ಗಾಂಜಾವನ್ನು ಹೆರಾಯಿನ್ ಇರುವ ಮೊದಲನೆಯ ಪಟ್ಟಿಗೆ ಸೇರಿಸಿತು. ರಾಜ್ಯಗಳು ನಿಧಾನವಾಗಿ ಬೇರೆ ದಾರಿ ಹಿಡಿದವು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಔಷಧಿಯಾಗಿ ಬಳಸಲು ಒಪ್ಪಿದರು. 2012ರಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಮತದಾರರು ವಯಸ್ಕರು ತಮ್ಮಿಷ್ಟಕ್ಕೆ ಬಳಸುವುದನ್ನೂ ಒಪ್ಪಿದರು. 2023ರ ನವೆಂಬರಿನಲ್ಲಿ ಓಹಾಯೊ ಹಾಗೆ ಒಪ್ಪಿದ 24ನೆಯ ರಾಜ್ಯವಾಯಿತು. ಮರುವರ್ಷ ಫ್ಲಾರಿಡಾದಲ್ಲಿ ಅರ್ಧಕ್ಕಿಂತ ಹೆಚ್ಚು ಮತದಾರರು ಪರವಾಗಿ ಮತ ಹಾಕಿದರೂ, ಅಲ್ಲಿ ಸಂವಿಧಾನ ತಿದ್ದಲು ಬೇಕಾದ ಶೇಕಡ 60 ಸಿಗದೆ ಪ್ರಸ್ತಾವ ಬಿದ್ದುಹೋಯಿತು.

ರಾಜ್ಯ ಒಪ್ಪಿದ ಮೇಲೆ ಫೆಡರಲ್ ಕಾನೂನು ಹಿಂದೆ ಸರಿಯುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಆ ಪ್ರಶ್ನೆ 2005ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ. ಏಂಜೆಲ್ ರೈಶ್ ಮತ್ತು ಡಯೇನ್ ಮಾನ್ಸನ್ ಎಂಬ ಕ್ಯಾಲಿಫೋರ್ನಿಯಾದ ಇಬ್ಬರು ಮಹಿಳೆಯರು ವೈದ್ಯರ ಸಲಹೆಯಂತೆ ಗಾಂಜಾ ಬಳಸುತ್ತಿದ್ದರು. ಮಾನ್ಸನ್ ಮನೆಯಲ್ಲಿ ಬೆಳೆಸಿದ್ದ ಆರು ಗಿಡಗಳನ್ನು ಫೆಡರಲ್ ಅಧಿಕಾರಿಗಳು ಕಿತ್ತು ನಾಶ ಮಾಡಿದ್ದರು. ಸ್ವಂತಕ್ಕೆಂದು ಮನೆಯಲ್ಲೇ ಬೆಳೆದ, ಮಾರಾಟಕ್ಕೆ ಇಡದ ಗಿಡವನ್ನೂ ನಿಷೇಧಿಸುವ ಅಧಿಕಾರ ಫೆಡರಲ್ ಸಂಸತ್ತಿಗೆ ಇದೆ ಎಂದು ಕೋರ್ಟು 6–3ರ ಬಹುಮತದಿಂದ ಹೇಳಿತು. ಇಂದು ಇಷ್ಟೊಂದು ಅಂಗಡಿಗಳು ನಡೆಯುತ್ತಿದ್ದರೆ ಅದಕ್ಕೆ ಕಾರಣ ಫೆಡರಲ್ ಸರ್ಕಾರ ಅವುಗಳ ಮೇಲೆ ಕೈ ಮಾಡದೆ ಸುಮ್ಮನಿರುವುದು. 2013ರಲ್ಲಿ ನ್ಯಾಯ ಇಲಾಖೆಯು ಅಂಥ ಸುಮ್ಮನಿರುವಿಕೆಯನ್ನು ಒಂದು ಸುತ್ತೋಲೆಯ ಮೂಲಕ ತಿಳಿಸಿತ್ತು, 2018ರ ಜನವರಿಯಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಸುತ್ತೋಲೆಯಿಂದ ಬಂದದ್ದು ಸುತ್ತೋಲೆಯಿಂದಲೇ ಹೋಗಬಲ್ಲದು. ಅದನ್ನು ಹಕ್ಕು ಎಂದು ಕರೆಯಲಾಗದು.

ಹಕ್ಕಿನ ಭಾಷೆಯಲ್ಲಿ ಈ ವಿಷಯವನ್ನು ಮಾತನಾಡಿದ ಕೋರ್ಟೂ ಒಂದಿದೆ ಎಂಬುದನ್ನು ಇಲ್ಲಿ ನೆನೆಯಬೇಕು. 1975ರಲ್ಲಿ ಅಲಾಸ್ಕದ ಸುಪ್ರೀಂ ಕೋರ್ಟು, ಇರ್ವಿನ್ ರಾವಿನ್ ಎಂಬುವರ ಪ್ರಕರಣದಲ್ಲಿ, ವಯಸ್ಕನೊಬ್ಬ ತನ್ನ ಮನೆಯೊಳಗೆ ಸ್ವಂತ ಬಳಕೆಗೆಂದು ಸ್ವಲ್ಪ ಗಾಂಜಾ ಇಟ್ಟುಕೊಳ್ಳುವುದನ್ನು ಆ ರಾಜ್ಯದ ಸಂವಿಧಾನ ಕೊಟ್ಟಿರುವ ಖಾಸಗಿತನದ ಹಕ್ಕು ರಕ್ಷಿಸುತ್ತದೆ ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನ ತರ್ಕ ನನಗೆ ಒಪ್ಪಿಗೆಯಾಗುತ್ತದೆ. ಮತ್ತೊಬ್ಬರಿಗೆ ತೊಂದರೆ ಕೊಡದೆ ಒಬ್ಬ ವಯಸ್ಕ ತನ್ನ ಮನೆಯಲ್ಲಿ ಏನು ಮಾಡುತ್ತಾನೆ ಎಂಬುದಕ್ಕೆ ಸೆರೆಮನೆ ಉತ್ತರವಾಗಬಾರದು ಎಂದು ನಾನು ನಂಬುತ್ತೇನೆ. ಹಾಗೆ ನಂಬುವುದರಿಂದಲೇ, ಈ ಸ್ವಾತಂತ್ರ್ಯ ಇಲ್ಲಿ ಹುಟ್ಟಿದವನಿಗೆ ಒಂದು ಅಳತೆಯಲ್ಲಿ, ಗ್ರೀನ್ ಕಾರ್ಡ್ ಇರುವವನಿಗೆ ಇನ್ನೊಂದು ಅಳತೆಯಲ್ಲಿ, ವೀಸಾದ ಮೇಲಿರುವವನಿಗೆ ಏನೂ ಇಲ್ಲವೆಂಬಂತೆ ಹಂಚಿಕೆಯಾಗಿರುವುದು ನನ್ನನ್ನು ಬಾಧಿಸುತ್ತದೆ. ಆದರೆ ಅನ್ಯಾಯವೆಂದು ನಮಗೆ ತೋರಿದ ಮಾತ್ರಕ್ಕೆ ಕಾನೂನು ನಮ್ಮನ್ನು ಬಿಟ್ಟುಬಿಡುವುದಿಲ್ಲವಾದ್ದರಿಂದ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು.

ವಲಸೆಯ ವಿಷಯ ಪೂರ್ತಿ ಫೆಡರಲ್ ಸರ್ಕಾರದ ಕೈಯಲ್ಲಿದೆ. ವೀಸಾ ಕೊಡುವ ಕಾನ್ಸುಲೇಟು, ವಿಮಾನ ನಿಲ್ದಾಣದಲ್ಲಿ ಮುದ್ರೆ ಒತ್ತುವ ಅಧಿಕಾರಿ, ಗ್ರೀನ್ ಕಾರ್ಡ್ ಅರ್ಜಿ ಪರಿಶೀಲಿಸುವ ಕಚೇರಿ, ಇವರು ಯಾರೂ ಕ್ಯಾಲಿಫೋರ್ನಿಯಾದ ಕಾನೂನನ್ನು ನೋಡುವುದಿಲ್ಲ. ಹೆಚ್ಚಿನವರು ಊಹಿಸದ ಸಂಗತಿಯೆಂದರೆ, ದೇಶದೊಳಗೆ ಬಿಡದಿರಲು ಕೋರ್ಟಿನ ಶಿಕ್ಷೆಯೇ ಆಗಿರಬೇಕೆಂದಿಲ್ಲ. ನಿಯಂತ್ರಿತ ವಸ್ತುವಿಗೆ ಸಂಬಂಧಿಸಿದ ಅಪರಾಧದ ಅಂಶಗಳನ್ನು ಮಾಡಿದ್ದೇನೆಂದು ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ಸಾಕಾಗುತ್ತದೆ. ಪೊಲೀಸರು ಹಿಡಿಯದಿದ್ದರೂ, ರಾಜ್ಯದ ಕಾನೂನಿನ ಪ್ರಕಾರ ರಸೀದಿ ಪಡೆದೇ ಕೊಂಡಿದ್ದರೂ ಇದು ಅನ್ವಯಿಸುತ್ತದೆ. ಗಡಿಯ ಅಧಿಕಾರಿಗಳು ವಾರಂಟ್ ಇಲ್ಲದೆಯೇ ಮೊಬೈಲ್ ತೆರೆದು ನೋಡಬಲ್ಲರು, ಮತ್ತು ಅಂಗಡಿಯ ಮುಂದೆ ಗೆಳೆಯರೊಡನೆ ತೆಗೆಸಿಕೊಂಡ ಒಂದು ಚಿತ್ರ ಪ್ರಶ್ನೆಗಳ ಸಾಲಿಗೆ ಆರಂಭವಾಗಬಲ್ಲದು.

ಅರ್ಜಿಗಳಲ್ಲೇ ಈ ಪ್ರಶ್ನೆ ಇದೆ. ವೀಸಾಕ್ಕೆ ತುಂಬುವ ಡಿಎಸ್-160 ಅರ್ಜಿಯು, ಈಗ ಅಥವಾ ಹಿಂದೆ ಮಾದಕ ವ್ಯಸನಿಯಾಗಿದ್ದೀರಾ ಎಂದೂ, ನಿಯಂತ್ರಿತ ವಸ್ತುಗಳ ಯಾವುದೇ ಕಾನೂನನ್ನು ಮುರಿದಿದ್ದೀರಾ ಎಂದೂ ಕೇಳುತ್ತದೆ. ಗ್ರೀನ್ ಕಾರ್ಡಿನ ಮತ್ತು ಪೌರತ್ವದ ಅರ್ಜಿಗಳೂ ಇದನ್ನು ತಮ್ಮದೇ ರೀತಿಯಲ್ಲಿ ಕೇಳುತ್ತವೆ. ಗ್ರೀನ್ ಕಾರ್ಡಿಗಾಗಿ ನಡೆಯುವ ವೈದ್ಯಕೀಯ ತಪಾಸಣೆಯಲ್ಲಿ ವೈದ್ಯರು ಸಹಜವಾಗಿ ಮಾತನಾಡಿಸುತ್ತಲೇ ಕೇಳುವ ಪ್ರಶ್ನೆಯೂ ಅದೇ. ಆ ವೈದ್ಯರು ಬರೆದದ್ದು ನೇರವಾಗಿ ವಲಸೆ ಕಚೇರಿಯ ಕಡತಕ್ಕೆ ಸೇರುತ್ತದೆ. ಹಾಗೆಂದು ಸುಳ್ಳು ಹೇಳುವುದು ದಾರಿಯಲ್ಲ, ಏಕೆಂದರೆ ವಲಸೆ ಸೌಲಭ್ಯಕ್ಕಾಗಿ ಸುಳ್ಳು ಹೇಳಿದ್ದು ಸಾಬೀತಾದರೆ ಅದೊಂದೇ ಶಾಶ್ವತ ತಡೆಗೆ ಕಾರಣವಾಗುತ್ತದೆ. ಹಿಂದೆ ಏನಾದರೂ ನಡೆದಿದ್ದರೆ ಅರ್ಜಿ ತುಂಬುವ ಮುನ್ನವೇ ವಲಸೆ ವಕೀಲರ ಬಳಿ ಎಲ್ಲವನ್ನೂ ಬಿಚ್ಚಿ ಹೇಳಬೇಕು; ವಕೀಲರಿಗೆ ಹೇಳಿದ ಮಾತಿಗೆ ಗೌಪ್ಯತೆಯ ರಕ್ಷಣೆಯಿದೆ, ವೈದ್ಯರಿಗೆ ಆ ಕೋಣೆಯಲ್ಲಿ ಹೇಳಿದ್ದಕ್ಕೆ ಇಲ್ಲ.

ಗ್ರೀನ್ ಕಾರ್ಡ್ ಕೈಗೆ ಬಂದವರು ಮೈಮರೆಯುವ ಒಂದು ಜಾಗವಿದೆ. ಗಡೀಪಾರಿನ ಕಾನೂನಿನಲ್ಲಿ, ಸ್ವಂತ ಬಳಕೆಗೆಂದು 30 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಗಾಂಜಾ ಇಟ್ಟುಕೊಂಡ ಒಂದು ಬಾರಿಯ ಅಪರಾಧಕ್ಕೆ ವಿನಾಯಿತಿ ಉಂಟು. ಆದರೆ ದೇಶದೊಳಗೆ ಪ್ರವೇಶ ಪಡೆಯುವ ಕಾನೂನಿನಲ್ಲಿ ಆ ವಿನಾಯಿತಿ ಇಲ್ಲ. ಅಲ್ಲಿರುವುದು ಅರ್ಹತೆ ತೋರಿಸಿ ಕೇಳಿಕೊಳ್ಳಬೇಕಾದ ಕ್ಷಮೆ ಮಾತ್ರ. ಇದರಿಂದ ಏನಾಗುತ್ತದೆಂದರೆ, ಡೆನ್ವರಿನ ಮನೆಯಲ್ಲಿ ಕುಳಿತಿರುವವರೆಗೆ ಸುರಕ್ಷಿತವಾಗಿದ್ದ ವ್ಯಕ್ತಿ, ತಂಗಿಯ ಮದುವೆಗೆ ಹೋಗಿ ಹಿಂತಿರುಗುವಾಗ ವಿಮಾನ ನಿಲ್ದಾಣದಲ್ಲಿ ಹೊಸದಾಗಿ ಪ್ರವೇಶ ಕೇಳುವವನಂತೆ ಪರಿಗಣಿತನಾಗಿ ಸಿಕ್ಕಿಕೊಳ್ಳಬಹುದು. ಪೌರತ್ವದ ಅರ್ಜಿಯಲ್ಲೂ ಇದೇ ನೆರಳಿದೆ. ರಾಜ್ಯದ ಕಾನೂನು ಒಪ್ಪಿದ್ದರೂ ಗಾಂಜಾಕ್ಕೆ ಸಂಬಂಧಿಸಿದ ಚಟುವಟಿಕೆಯು ಪೌರತ್ವಕ್ಕಾಗಿ ಅರ್ಜಿದಾರರು ತೋರಿಸಬೇಕಾದ ಸನ್ನಡತೆಗೆ ಅಡ್ಡಿಯಾಗಬಹುದೆಂದು ಪೌರತ್ವ ಮತ್ತು ವಲಸೆ ಇಲಾಖೆಯು 2019ರ ಏಪ್ರಿಲಿನಲ್ಲಿ ತನ್ನ ನೀತಿ ಕೈಪಿಡಿಯಲ್ಲಿ ಬರೆದು ಪ್ರಕಟಿಸಿತು. ಸೇದುವುದಷ್ಟೇ ಅಲ್ಲ, ಆ ಉದ್ಯಮದಲ್ಲಿ ಕೆಲಸ ಮಾಡುವುದೂ ಅದರಲ್ಲಿ ಸೇರಿದೆ. ಗಾಂಜಾ ಕಂಪನಿಗಳ ಮಾರಾಟ ತಂತ್ರಾಂಶ ಬರೆಯುವ ಕೆಲಸ ಸಿಕ್ಕಿದೆ ಎನ್ನುವ ನಮ್ಮ ಇಂಜಿನಿಯರುಗಳು, ಸಂಬಳದ ಮಾತಿಗಿಂತ ಮುಂಚೆ ಈ ಪ್ರಶ್ನೆಯನ್ನು ವಕೀಲರ ಮುಂದಿಡಬೇಕು.

ಪೊಲೀಸರ ಕೈಗೆ ಸಿಕ್ಕಿದರೆ ಆಗುವ ತಪ್ಪು ಬಹುತೇಕ ಕೋರ್ಟಿನ ಮೆಟ್ಟಿಲಲ್ಲಿ ಆಗುತ್ತದೆ. ಹೋಸೆ ಪಡಿಲ್ಲಾ ಎಂಬುವರು ಹೊಂಡುರಾಸಿನಲ್ಲಿ ಹುಟ್ಟಿ, ನಲವತ್ತು ವರ್ಷ ಈ ದೇಶದ ಕಾಯಂ ನಿವಾಸಿಯಾಗಿದ್ದವರು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ದುಡಿದವರು. ಲಾರಿಯಲ್ಲಿ ಗಾಂಜಾ ಸಾಗಿಸಿದ ಆರೋಪ ಕೆಂಟಕಿಯಲ್ಲಿ ಅವರ ಮೇಲೆ ಬಂದಾಗ, ಇಷ್ಟು ಕಾಲದಿಂದ ಇಲ್ಲೇ ಇರುವ ನಿಮಗೆ ವಲಸೆಯ ಚಿಂತೆ ಬೇಡ ಎಂದು ವಕೀಲರು ಹೇಳಿದ್ದನ್ನು ನಂಬಿ ಅವರು ತಪ್ಪೊಪ್ಪಿಕೊಂಡರು. ಆ ಒಪ್ಪಿಗೆ ಅವರನ್ನು ಗಡೀಪಾರಿನ ಬಾಗಿಲಿಗೆ ತಂದು ನಿಲ್ಲಿಸಿತು. ತಪ್ಪೊಪ್ಪಿಗೆಯಿಂದ ಗಡೀಪಾರಾಗುವ ಅಪಾಯವಿದ್ದರೆ ಅದನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯವೆಂದು 2010ರಲ್ಲಿ ಸುಪ್ರೀಂ ಕೋರ್ಟು ಅವರ ಪ್ರಕರಣದಲ್ಲಿ ಹೇಳಿತು. ಆದ್ದರಿಂದ ಸಣ್ಣ ಕೇಸು, ದಂಡ ಕಟ್ಟಿ ಮುಗಿಸಿಬಿಡೋಣ ಎಂದು ಯಾರಾದರೂ ಹೇಳಿದರೆ, ನಾನು ಈ ದೇಶದ ಪೌರನಲ್ಲ, ಇದರಿಂದ ನನ್ನ ವೀಸಾಕ್ಕೆ ಏನಾಗುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ. ಮಾದಕ ವಸ್ತುಗಳ ಬಗ್ಗೆ ತಿಳಿವಳಿಕೆ ಕೊಡುವ ತರಗತಿಗೆ ಹೋಗಿಬಂದರೆ ರಾಜ್ಯದ ದಾಖಲೆಯಿಂದ ಕೇಸು ಅಳಿಸಿಹೋಗುತ್ತದೆ ಎಂಬ ಭರವಸೆಗೂ ಅದೇ ಪ್ರಶ್ನೆ ಕೇಳಬೇಕು, ಏಕೆಂದರೆ ತಪ್ಪೊಪ್ಪಿಕೊಂಡು ಯಾವುದೇ ರೂಪದ ಶಿಕ್ಷೆಗೆ ಒಳಗಾದದ್ದನ್ನು ರಾಜ್ಯ ಅಳಿಸಿದರೂ ವಲಸೆ ಕಾನೂನು ಅದನ್ನು ಶಿಕ್ಷೆಯೆಂದೇ ಎಣಿಸುತ್ತದೆ. 2022ರ ಅಕ್ಟೋಬರಿನಲ್ಲಿ ಅಧ್ಯಕ್ಷ ಬೈಡನ್ ಘೋಷಿಸಿದ ಕ್ಷಮಾದಾನವೂ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಸೀಮಿತವಾಗಿತ್ತು. ಎಚ್-1ಬಿ ಉದ್ಯೋಗ ವೀಸಾ, ಎಫ್-1 ವಿದ್ಯಾರ್ಥಿ ವೀಸಾದವರಿಗೆ ಅದು ತಲುಪಲಿಲ್ಲ.

ರಾಜ್ಯದಿಂದ ರಾಜ್ಯಕ್ಕೆ ಇರುವ ಅಂತರವೂ ಸಣ್ಣದಲ್ಲ. ಕ್ಯಾಲಿಫೋರ್ನಿಯಾದಲ್ಲಿ ವಯಸ್ಕರು 28.5 ಗ್ರಾಂವರೆಗೆ ಇಟ್ಟುಕೊಳ್ಳಬಹುದು, ಮನೆಗೆ ಆರು ಗಿಡ ಬೆಳೆಸಬಹುದು. ಟೆಕ್ಸಾಸಿನಲ್ಲಿ ಎರಡು ಔನ್ಸಿಗಿಂತ ಕಡಿಮೆ ಗಾಂಜಾ ಸೊಪ್ಪು ಸಿಕ್ಕಿದರೂ 180 ದಿನಗಳವರೆಗೆ ಜೈಲು ಮತ್ತು 2,000 ಡಾಲರುಗಳವರೆಗೆ ದಂಡ ಬೀಳಬಹುದು. ಸೊಪ್ಪಿಗಿಂತ ಅಪಾಯದ್ದು ಗಾಂಜಾ ಸಾರ ಬೆರೆಸಿದ ಜೆಲ್ಲಿಯಂಥ ಮಿಠಾಯಿ, ಅಂದರೆ ಗಮ್ಮಿ, ಮತ್ತು ಸಾರವನ್ನು ಆವಿಯಾಗಿಸಿ ಸೇದುವ ವೇಪ್. ಗಾಂಜಾದಿಂದ ತೆಗೆದ ಸಾರವನ್ನು ಟೆಕ್ಸಾಸಿನ ಕಾನೂನು ಬೇರೆ ಗುಂಪಿಗೆ ಸೇರಿಸಿದೆ, ಅಲ್ಲಿ ಒಂದು ಗ್ರಾಮಿಗಿಂತ ಕಡಿಮೆ ಇದ್ದರೂ ಗಂಭೀರ ಅಪರಾಧ. ತೂಗುವಾಗ ಸಕ್ಕರೆ, ಜೆಲಟಿನ್ ಎಲ್ಲವನ್ನೂ ಸೇರಿಸಿ ಇಡೀ ಗಮ್ಮಿಯನ್ನೇ ತೂಗುತ್ತಾರೆ. ಹೀಗಾಗಿ ಕೆಲವೇ ಗಮ್ಮಿಗಳು ನಾಲ್ಕು ಗ್ರಾಂ ದಾಟಿ, ಎರಡರಿಂದ ಇಪ್ಪತ್ತು ವರ್ಷಗಳ ಶಿಕ್ಷೆಯ ವರ್ಗಕ್ಕೆ ಹೋಗಿಬಿಡುತ್ತವೆ. ಕೊಲರಾಡೊ ಪ್ರವಾಸ ಮುಗಿಸಿ ಕಾರಿನಲ್ಲಿ ಡಲ್ಲಾಸಿಗೆ ಮರಳುವವರು ಡಿಕ್ಕಿಯಲ್ಲಿ ಏನು ಉಳಿದಿದೆ ಎಂದು ನೋಡಿಕೊಳ್ಳಬೇಕು. ಎರಡೂ ರಾಜ್ಯಗಳು ಒಪ್ಪಿದ್ದರೂ ಗಡಿ ದಾಟಿಸುವುದು ಫೆಡರಲ್ ಅಪರಾಧವೇ.

ರಾಜ್ಯದೊಳಗೇ ಫೆಡರಲ್ ನೆಲವೂ ಇರುತ್ತದೆ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ಕ್ಯಾಲಿಫೋರ್ನಿಯಾದಲ್ಲಿದ್ದರೂ ಅದರೊಳಗೆ ನಡೆಯುವುದು ಫೆಡರಲ್ ಕಾನೂನು. ಅಲ್ಲಿಯ ರೇಂಜರ್ ಕೊಟ್ಟ ದಂಡದ ಚೀಟಿಯ ವಿಚಾರಣೆ ಕಣಿವೆಯಲ್ಲೇ ಇರುವ ಫೆಡರಲ್ ನ್ಯಾಯಾಲಯದಲ್ಲಿ ಆಗುತ್ತದೆ. ವಾರಾಂತ್ಯದ ಕ್ಯಾಂಪಿಂಗಿನಲ್ಲಿ ಆದದ್ದು ಹೀಗೆ ಫೆಡರಲ್ ದಾಖಲೆಯಾಗಿ ಉಳಿಯುತ್ತದೆ.

ಕೆಲಸದ ಜಾಗದ ವಿಚಾರದಲ್ಲಿ ಸ್ವಲ್ಪ ಸಡಿಲಿಕೆ ಬಂದಿದೆ. ಕೆಲಸದ ಹೊತ್ತಿನ ಹೊರಗೆ, ಕಚೇರಿಯಿಂದ ಆಚೆ ಬಳಸಿದ್ದಕ್ಕಾಗಿ ತಾರತಮ್ಯ ಮಾಡುವುದನ್ನು ಕ್ಯಾಲಿಫೋರ್ನಿಯಾ 2024ರ ಜನವರಿ 1ರಿಂದ, ಕೆಲವು ಉದ್ಯೋಗಗಳನ್ನು ಬಿಟ್ಟು, ತಡೆದಿದೆ. ಆದರೆ ಎಚ್-1ಬಿಯಲ್ಲಿರುವವರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಅಥವಾ ದೇಶ ಬಿಡಲು ಸಾಮಾನ್ಯವಾಗಿ ಸಿಗುವುದು 60 ದಿನ. ಹಕ್ಕಿಗಾಗಿ ಹೋರಾಡುವಷ್ಟು ಕಾಲ ಅವರ ಕೈಯಲ್ಲಿರುವುದಿಲ್ಲ. ನಶೆಯಲ್ಲಿ ಗಾಡಿ ಓಡಿಸುವುದು ಎಲ್ಲ ರಾಜ್ಯಗಳಲ್ಲೂ ಅಪರಾಧ. ಅಂಥ ಬಂಧನವಾದರೆ, ಶಿಕ್ಷೆಯಾಗುವ ಮುನ್ನವೇ ಕಾನ್ಸುಲೇಟು ವೀಸಾ ರದ್ದು ಮಾಡಿದ ಸೂಚನೆ ಕಳಿಸಬಹುದು.

ಗಾಂಜಾವನ್ನು ಮೊದಲ ಪಟ್ಟಿಯಿಂದ ಮೂರನೆಯ ಪಟ್ಟಿಗೆ ಇಳಿಸಬೇಕೆಂದು 2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಪ್ರಸ್ತಾವ ಮುಂದಿಟ್ಟಾಗ ಅನೇಕರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಆದರೆ ವಲಸೆ ಕಾನೂನು ನೋಡುವುದು ಪಟ್ಟಿಯ ಸಂಖ್ಯೆಯನ್ನಲ್ಲ, ಅದು ನಿಯಂತ್ರಿತ ವಸ್ತುವೇ ಅಲ್ಲವೇ ಎಂಬುದನ್ನು. ಮೂರನೆಯ ಪಟ್ಟಿಯಲ್ಲಿರುವುದೂ ನಿಯಂತ್ರಿತ ವಸ್ತುವೇ.

ಇನ್ನು ಭಾರತದ ಕಾನೂನು. 1985ರ ಮಾದಕ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್, ದೇಶದ ಹೊರಗಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆಂದು ತನ್ನ ಮೊದಲ ಕಲಮಿನಲ್ಲೇ ಹೇಳುತ್ತದೆ. ಅದಕ್ಕಿಂತ ಹತ್ತಿರದ ಅಪಾಯ ಸೂಟ್‌ಕೇಸಿನದು. ಮಂಡಿ ನೋವಿಗೆ ಒಳ್ಳೆಯದೆಂದು ಯಾರೋ ಕೊಟ್ಟ ಗಮ್ಮಿಯ ಡಬ್ಬಿಯನ್ನು ಊರಿಗೆ ಹೊರಟ ತಂದೆತಾಯಿಯ ಪೆಟ್ಟಿಗೆಯಲ್ಲಿ ಇಟ್ಟರೆ, ಕಸ್ಟಮ್ಸಿನಲ್ಲಿ ಉತ್ತರ ಹೇಳಬೇಕಾದವರು ಅವರೇ.

ಆ ಡಬ್ಬಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕ್ಯಾಲಿಫೋರ್ನಿಯಾದ್ದಾದರೆ ಅದರ ಮೇಲೆ ಒಂದು ಸಣ್ಣ ತ್ರಿಕೋನ, ಅದರೊಳಗೆ ಗಾಂಜಾ ಎಲೆ ಮತ್ತು ಆಶ್ಚರ್ಯಸೂಚಕ ಚಿಹ್ನೆ ಇರುತ್ತದೆ. ಒಂದು ತುಣುಕಿನಲ್ಲಿ 10 ಮಿಲಿಗ್ರಾಂ, ಇಡೀ ಡಬ್ಬಿಯಲ್ಲಿ 100 ಮಿಲಿಗ್ರಾಂ, ಇದು ನಶೆ ಬರಿಸುವ ಅಂಶವಾದ ಟಿಎಚ್‌ಸಿಗೆ ಇರುವ ಮಿತಿ. ಡಬ್ಬಿಯಿಂದ ಹೊರಗೆ ತೆಗೆದಿಟ್ಟ ಗಮ್ಮಿಗೂ ಮಕ್ಕಳ ಮಿಠಾಯಿಗೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ತಿಂದ ಮೇಲೆ ಪರಿಣಾಮ ಕಾಣಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುವುದರಿಂದ, ಏನೂ ಆಗಲಿಲ್ಲವೆಂದು ಇನ್ನೊಂದು ತಿನ್ನುವ ದೊಡ್ಡವರೂ ಇದ್ದಾರೆ. ಮನೆ ಹಂಚಿಕೊಂಡಿರುವ ಯಾರಾದರೂ ತಂದಿಟ್ಟಿದ್ದರೆ, ಮಗು ತಿಂದಿರಬಹುದೆಂಬ ಅನುಮಾನ ಬಂದ ಕೂಡಲೇ 1-800-222-1222ಕ್ಕೆ ಕರೆ ಮಾಡಿ. ಅದು ವಿಷ ನಿಯಂತ್ರಣ ಕೇಂದ್ರದ ಉಚಿತ ಸಂಖ್ಯೆ, ಹಗಲು ರಾತ್ರಿ ಉತ್ತರಿಸುತ್ತಾರೆ. ಮಗು ತೂಕಡಿಸುತ್ತಿದ್ದರೆ ಅಥವಾ ಉಸಿರಾಟ ನಿಧಾನವಾಗಿದ್ದರೆ ತುರ್ತು ಸೇವೆಯ ಸಂಖ್ಯೆ 911ಕ್ಕೇ ಕರೆ ಮಾಡಿ. ವೀಸಾದ ಭಯದಿಂದ ಆ ಕರೆಯನ್ನು ಒಂದು ನಿಮಿಷವೂ ತಡಮಾಡಬೇಡಿ.